ಸೋತ ‘ಸೋಲ್’ ಹಾಡುಗಳ ಬೆಲೆ

ಲಕ್ಷಗಟ್ಟಲೆ ಮಾರಾಟವಾದ ಹಾಡಿನ ರೆಕಾರ್ಡಿಗೆ ಮುಂದೆ ದೊಡ್ಡ ಬೆಲೆ ಬರುವುದು ಅಪರೂಪ. ಯಾರೂ ಕೊಳ್ಳದೆ ಗೋದಾಮಿನಲ್ಲಿ ದೂಳು ತಿಂದದ್ದಕ್ಕೆ ಬಂದರೂ ಬಂದೀತು! ಅಮೆರಿಕದ ‘ಸೋಲ್’ ಸಂಗೀತದ ಹಳೆಯ ರೆಕಾರ್ಡುಗಳ ವ್ಯಾಪಾರ ನಿಂತಿರುವುದೇ ಈ ವಿಚಿತ್ರ ಲೆಕ್ಕದ ಮೇಲೆ. ಸೋಲ್ ಎಂದರೆ ಇಂಗ್ಲಿಷಿನಲ್ಲಿ ಆತ್ಮ. ಕನ್ನಡದ ಕಿವಿಗೆ ಕೇಳಿಸುವ ಇನ್ನೊಂದು ಅರ್ಥವೂ ಇಲ್ಲಿ ಸಲ್ಲುತ್ತದೆ.

ಕರಿಯ ಅಮೆರಿಕನ್ನರ ಚರ್ಚಿನ ಭಕ್ತಿಗಾಯನದ ಆರ್ತತೆ ಲೌಕಿಕ ಪ್ರೇಮಗೀತೆಗಳಿಗೆ ಇಳಿದು ಬಂದಾಗ ಹುಟ್ಟಿದ್ದು ಈ ಸಂಗೀತ. ಬೆರಿ ಗಾರ್ಡಿ 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭಿಸಿದ ಮೋಟೌನ್ ಕಂಪನಿ ಇದನ್ನು ಲೋಕಪ್ರಿಯ ಮಾಡಿತು. ಆದರೆ ಆ ದಶಕದಲ್ಲಿ ಏಳು ಇಂಚಿನ ಪುಟ್ಟ ರೆಕಾರ್ಡುಗಳಲ್ಲಿ ಬಂದ ಅಸಂಖ್ಯ ಹಾಡುಗಳು ಕೇಳುವವರಿಲ್ಲದೆ ಮರೆಯಾದವು.

ಅವುಗಳಿಗೆ ಮರುಜೀವ ಬಂದದ್ದು ಸಾಗರದಾಚೆ, ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ. ಹಿತ್ತಲ ಗಿಡ ಮದ್ದಲ್ಲ, ನೋಡಿ! ವಿಗನ್ ಊರಿನ ಕ್ಯಾಸಿನೊ ಎಂಬ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ಕಾರ್ಮಿಕ ಯುವಕ ಯುವತಿಯರು ಬೆಳಗಾಗುವವರೆಗೆ ಕುಣಿದರು. ಮದ್ಯವಿಲ್ಲ, ಬರೀ ಕುಣಿತ. ಅವರಿಗೆ ಬೇಕಾದದ್ದು ಯಾರೂ ಕೇಳಿರದ, ಚುರುಕು ಲಯದ ಹಾಡು. ರೆಕಾರ್ಡು ಹಾಕುವ ಡಿಸ್ಕ್ ಜಾಕಿಗಳು ಅಮೆರಿಕದ ಗೋದಾಮುಗಳನ್ನು ಜಾಲಾಡಿ ತಂದರು. ಎದುರಾಳಿಗೆ ಗುಟ್ಟು ತಿಳಿಯಬಾರದೆಂದು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳುತ್ತಿದ್ದರು.

ಹಾಗೆ ‘ಎಡ್ಡಿ ಫಾಸ್ಟರ್’ ಎಂಬ ಸುಳ್ಳು ಹೆಸರಿನಲ್ಲಿ ಮೆರೆದದ್ದು ಫ್ರಾಂಕ್ ವಿಲ್ಸನ್ ಅವರ ‘ಡು ಐ ಲವ್ ಯು’. ಮೋಟೌನ್‌ನ ‘ಸೋಲ್’ ಎಂಬ ಲೇಬಲ್ಲಿಗಾಗಿ 1965ರಲ್ಲಿ ಮುದ್ರಿತವಾದ ಹಾಡು. ಆದರೆ ವಿಲ್ಸನ್ ಗಾಯಕನಾಗುವುದಕ್ಕಿಂತ ನಿರ್ಮಾಪಕನಾಗುವುದನ್ನು ಆರಿಸಿಕೊಂಡರು. ಹಾಡು ಬಿಡುಗಡೆಯಾಗಲೇ ಇಲ್ಲ, ಮಾದರಿ ಪ್ರತಿಗಳನ್ನು ನಾಶ ಮಾಡಿದರಂತೆ. ಉಳಿದದ್ದು ಎರಡೇ ಎಂದು ಬಹುಕಾಲ ಲೆಕ್ಕ. ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ, ಅಂದರೆ ಆಗಿನ ದರದಲ್ಲಿ ಸುಮಾರು 19 ಲಕ್ಷ ರೂಪಾಯಿಗೆ ಹರಾಜಾಯಿತು. 2020ರಲ್ಲಿ ಬೆಲೆ ಒಂದು ಲಕ್ಷ ಪೌಂಡ್ ಮುಟ್ಟಿತು. ಅಷ್ಟು ಕೊಟ್ಟವರು ಅದರ ಮೇಲೆ ಸೂಜಿ ಇಡುವ ಧೈರ್ಯ ಮಾಡುತ್ತಾರೆಯೇ ಎಂಬುದು ನನ್ನ ಗೃಹಿಣಿಬುದ್ಧಿಯ ಪ್ರಶ್ನೆ.

ಇದನ್ನೋದಿ ಅಟ್ಟದ ಮೇಲಿನ ಎಚ್.ಎಂ.ವಿ. ರೆಕಾರ್ಡುಗಳನ್ನು ಇಳಿಸಿ ಕೋಟಿಯ ಕನಸು ಕಾಣಬೇಡಿ. ಹಳೆಯದೆಲ್ಲ ಅಪರೂಪವಲ್ಲ, ಅಪರೂಪವಾದದ್ದೆಲ್ಲ ಬೇಕಾದದ್ದೂ ಅಲ್ಲ. ಪ್ರತಿಗಳು ಕಡಿಮೆಯಿರಬೇಕು, ಹಂಬಲಿಸುವವರು ಹೆಚ್ಚಿರಬೇಕು. ಗೀರು ಬಿದ್ದಷ್ಟೂ ಬೆಲೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಮೊದಲ ಮುದ್ರಣವಾಗಿರಬೇಕು. ನಕಲಿಗಳು ಬೇಕಾದಷ್ಟಿವೆ. ಆದ್ದರಿಂದ ಬಲ್ಲವರು ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ಬೆಳಕಿಗೆ ಹಿಡಿಯುತ್ತಾರೆ. ಅಲ್ಲಿ ಕೊರೆದಿರುವ ಸಂಖ್ಯೆ, ಗುರುತುಗಳನ್ನು ಮೂಲದೊಡನೆ ತಾಳೆ ನೋಡುತ್ತಾರೆ, ಬಂಗಾರಕ್ಕೆ ಹಾಲ್‌ಮಾರ್ಕ್ ನೋಡಿದ ಹಾಗೆ. ಡು ಐ ಲವ್ ಯು 1979ರಲ್ಲಿ ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಮರುಮುದ್ರಣವಾಯಿತು. ಅದೇ ದನಿ, ಅದೇ ಹಾಡು. ಬೆಲೆ ಮಾತ್ರ ಮೂಲದ ಹತ್ತಿರಕ್ಕೂ ಸುಳಿಯದು.

ನನ್ನನ್ನು ಕಾಡುವುದು ಬೇರೆ ಸಂಗತಿ. ಹಳೆಯ ರೆಕಾರ್ಡು ಕೈಯಿಂದ ಕೈಗೆ ಮಾರಾಟವಾದಾಗ ಹಾಡಿದವರಿಗೆ ಅದರಿಂದ ಕವಡೆಯೂ ಸಿಗುವುದಿಲ್ಲ. ಗ್ಲೋರಿಯಾ ಜೋನ್ಸ್ 1965ರಲ್ಲಿ ಹೊರಬಂದ ರೆಕಾರ್ಡಿನ ಹಿಂಬದಿಯಲ್ಲಿ ‘ಟೇಂಟೆಡ್ ಲವ್’ ಹಾಡಿದ್ದರು. ಆಗ ಯಾರೂ ಗಮನಿಸಲಿಲ್ಲ. ಇಂಗ್ಲೆಂಡಿನ ನರ್ತಕರು ಎತ್ತಿಕೊಂಡ ಮೇಲೆ, 1981ರಲ್ಲಿ ಅದನ್ನೇ ಹಾಡಿ ಅಲ್ಲಿ ಮೊದಲ ಸ್ಥಾನಕ್ಕೇರಿದ್ದು ಸಾಫ್ಟ್ ಸೆಲ್ ಎಂಬ ಬೇರೆಯೇ ತಂಡ.

ಫ್ರಾಂಕ್ ವಿಲ್ಸನ್ ಸುಪ್ರೀಮ್ಸ್, ಫೋರ್ ಟಾಪ್ಸ್ ಮುಂತಾದವರಿಗೆ ಹಾಡು ಕಟ್ಟಿಕೊಟ್ಟು, 1976ರಲ್ಲಿ ಮೋಟೌನ್ ತೊರೆದು ಕ್ರೈಸ್ತ ಧರ್ಮಬೋಧಕರಾದರು. 2012ರಲ್ಲಿ ತೀರಿಕೊಂಡರು. ತಾವೇ ಬಿಟ್ಟುಕೊಟ್ಟ ಹಾಡು ಇಪ್ಪತ್ತೈದು ಸಾವಿರ ಪೌಂಡಿಗೆ ಹೋದದ್ದು ಅವರು ಬದುಕಿದ್ದಾಗಲೇ.