ಎರಡು ಹಡಗುಗಳ ನಡುವೆ ಸಿಂಗಾಪುರದಲ್ಲಿ ಒಂದು ನಡಿಗೆ

ಸಿಂಗಾಪುರದಿಂದ ಹೊರಟು ಮಲೇಷ್ಯಾದ ಬಂದರುಗಳನ್ನು ನೋಡಿ ಸಿಂಗಾಪುರಕ್ಕೇ ಮರಳುವ ಕ್ರೂಸ್ ಹಡಗುಗಳಿವೆ. ಬೆಳಗ್ಗೆ ಒಂದು ಹಡಗಿನಿಂದ ಇಳಿದು ಮರುದಿನ ಸಂಜೆ ಇನ್ನೊಂದು ಹಡಗು ಹತ್ತುವವರೂ ಇದ್ದಾರೆ. ನಡುವಿನ ಆ ಒಂದು ದಿನ ಏನು ಮಾಡುವುದು? ಹೆಚ್ಚಿನವರು ಮಾಲ್‌ಗೆ ಹೋಗ್ತಾರೆ. ಮಾಲ್ ನಮ್ಮ ಮಂಗಳೂರಲ್ಲೂ ಇದೆ. ಸಿಂಗಾಪುರದಲ್ಲಿ ನಡೆದೇ ನೋಡಬೇಕಾದ ಒಂದು ದಾರಿ ಇದೆ. ಎರಡು ಹಡಗುಗಳ ನಡುವೆ ಕಾಯುತ್ತಿದ್ದ ಮುಸಾಫಿರರೇ ಆ ದಾರಿಯಲ್ಲಿ ಜೀವ ತುಂಬಿದವರು.

ಮೊದಲು ಕಾಗದಪತ್ರದ ಮಾತು ಮುಗಿಸೋಣ. ಹಡಗು ಸಿಂಗಾಪುರದಿಂದ ಹೊರಟು ಅಲ್ಲಿಗೇ ಮರಳಿದರೆ ನೀವು ಆ ದೇಶವನ್ನು ಎರಡನೇ ಸಲ ಪ್ರವೇಶಿಸಿದಂತೆ. ನಮ್ಮ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು, ಅದು ಎಷ್ಟು ಪ್ರವೇಶಕ್ಕೆ ಸಿಕ್ಕಿದೆ ಎಂದು ಊರಲ್ಲೇ ನೋಡಿಕೊಳ್ಳಿ. ಇನ್ನೊಂದು, ಅಲ್ಲಿ ಹಡಗುಕಟ್ಟೆ ಎರಡಿವೆ. 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್ ಒಂದು, ಹಾರ್ಬರ್‌ಫ್ರಂಟ್‌ನದ್ದು ಇನ್ನೊಂದು. ಇಳಿದ ಕಡೆಯಿಂದಲೇ ಮರುದಿನದ ಹಡಗು ಹೊರಡ್ತದೆ ಅಂತ ತಿಳಿದು ಕೂತರೆ ಕಷ್ಟ. ಲಗೇಜ್ ಹೋಟೆಲಿನಲ್ಲಿ ಇಟ್ಟು, ಕೊಡೆ ಮತ್ತು ನೀರಿನ ಬಾಟಲಿ ಹಿಡಿದು ಹೊರಡಿ. ಸೆಕೆ ನಮ್ಮ ಮೇ ತಿಂಗಳಿನಂತೆಯೇ, ಮಳೆ ಹೇಳಿ ಕೇಳಿ ಬರುವುದಿಲ್ಲ. ನಳ್ಳಿ ನೀರು ನೇರವಾಗಿ ಕುಡಿಯಬಹುದು.

ಮರೀನಾ ಸೌತ್ ಪಿಯರ್‌ನಲ್ಲಿ ರೈಲು ಹತ್ತಿದರೆ ಎರಡನೆಯ ಸ್ಟೇಶನ್ ರಾಫಲ್ಸ್ ಪ್ಲೇಸ್. ಅಲ್ಲಿಂದ ಸ್ವಲ್ಪ ನಡೆದರೆ ತೆಲೊಕ್ ಆಯರ್ ಬೀದಿ. ಮಲಯ ಭಾಷೆಯಲ್ಲಿ ತೆಲೊಕ್ ಎಂದರೆ ಕೊಲ್ಲಿ, ಆಯರ್ ಎಂದರೆ ನೀರು. ಈಗ ಸುತ್ತ ನೋಡಿದರೆ ಬ್ಯಾಂಕುಗಳ ಗಗನಚುಂಬಿ ಕಟ್ಟಡ ಮಾತ್ರ, ನೀರಿನ ಸುದ್ದಿಯೇ ಇಲ್ಲ. ಆದರೆ ಹಿಂದೆ ಕಡಲ ದಡ ಇದೇ ಬೀದಿಯಾಗಿತ್ತು. 1880ರ ಆಸುಪಾಸಿನಲ್ಲಿ ಮಣ್ಣು ತುಂಬಿಸಿ ಸಮುದ್ರವನ್ನು ಆಚೆ ತಳ್ಳಿದರು.

ದೋಣಿಯಿಂದ ಇಳಿದವರು ಜೀವ ಉಳಿಯಿತೆಂದು ಮೊದಲು ಶುಕ್ರ್ ಹೇಳುತ್ತಿದ್ದದ್ದು ಈ ಬೀದಿಯಲ್ಲಿ. ತಮಿಳುನಾಡಿನ ಕರಾವಳಿಯಿಂದ ಬಂದ ಚೂಲಿಯಾ ಮುಸ್ಲಿಮರು ನಾಗೂರಿನ ಶಾಹುಲ್ ಹಮೀದ್ ವಲಿಯವರ ನೆನಪಿನಲ್ಲಿ 1828ರಿಂದ 1830ರ ನಡುವೆ ಇಲ್ಲಿ ನಾಗೂರ್ ದರ್ಗಾ ಕಟ್ಟಿದರು. ಕೆಲವು ಹೆಜ್ಜೆ ಆಚೆ ಚೀನೀಯರ ಥಿಯಾನ್ ಹಾಕ್ ಕೆಂಗ್ ದೇವಸ್ಥಾನ, ಅದೂ ಕಡಲು ದಾಟಿ ಬಂದವರು ಕಟ್ಟಿದ್ದೇ. ಅದೇ ಬೀದಿಯಲ್ಲಿ ಅಲ್ ಅಬ್ರಾರ್ ಮಸೀದಿ. 1827ರಲ್ಲಿ ಅದೊಂದು ಗುಡಿಸಲು. ತಮಿಳರು ಅದಕ್ಕೆ ಇಟ್ಟ ಹೆಸರು ಕುಚ್ಚು ಪಳ್ಳಿ, ಅಂದರೆ ಗುಡಿಸಲ ಪಳ್ಳಿ. ಪಳ್ಳಿ ಎಂದರೆ ಏನೆಂದು ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರಾರು ಮೈಲಿ ಆಚೆ ನಮ್ಮ ಮನೆಯ ಮಾತು ಎದುರಾಗುವಾಗ ಆಗುವ ಖುಷಿಯೇ ಬೇರೆ.

ಅಲ್ಲಿಂದ ಸೌತ್ ಬ್ರಿಡ್ಜ್ ರೋಡಿಗೆ ಬನ್ನಿ. 1826ರಲ್ಲಿ ಸ್ಥಾಪನೆಯಾದ ಚೂಲಿಯಾ ಜಾಮಿಅ ಮಸೀದಿ ಹಸಿರು ಬಣ್ಣದಲ್ಲಿ ದೂರದಿಂದಲೇ ಕಾಣುತ್ತದೆ. ಹತ್ತಿರದಲ್ಲೇ ಮಾರಿಯಮ್ಮನ್ ದೇವಸ್ಥಾನ. ಆಮೇಲೆ ದಾರಿ ಕೇಳುವ ಅಗತ್ಯವಿಲ್ಲ. ಅದೇ ರಸ್ತೆ ಎಲ್ಗಿನ್ ಸೇತುವೆಯಲ್ಲಿ ಸಿಂಗಾಪುರ ನದಿ ದಾಟಿ ನಾರ್ತ್ ಬ್ರಿಡ್ಜ್ ರೋಡ್ ಆಗುತ್ತದೆ, ನೇರ ಸುಲ್ತಾನ್ ಮಸೀದಿಯತ್ತ ಕೊಂಡೊಯ್ಯುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ತುಂಡಿಗೆ ಬಸ್ ಹಿಡಿಯಿರಿ, ನಡುವೆ ವಿಶೇಷವೇನೂ ತಪ್ಪುವುದಿಲ್ಲ.

ಲುಹರ್ ಬಾಂಗ್ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ. ಊರು ಭೂಮಧ್ಯರೇಖೆಯ ಹತ್ತಿರ ಇರುವುದರಿಂದ ನಮಾಝಿನ ಸಮಯ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಮಲಯರೂ ನಮ್ಮಂತೆ ಶಾಫಿಈ ಮದ್‌ಹಬಿನವರು, ಸುಬುಹಿಯಲ್ಲಿ ಕುನೂತ್ ಕೇಳಿ ಮನಸ್ಸಿಗೆ ಊರಲ್ಲೇ ಇದ್ದಂತಾಗುತ್ತದೆ. ಬಂದ ದಿನ, ಹೊರಡುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ನಿಲ್ಲುವ ನಿಯ್ಯತ್ ಇಲ್ಲದವರು ಲುಹರ್, ಅಸರ್ ಜಮ್‌ಅ ಮತ್ತು ಕಸ್ರ್ ಮಾಡಬಹುದು. ಸುಲ್ತಾನ್ ಮಸೀದಿಯಲ್ಲಿ ಹೆಂಗಸರಿಗೆ ಮೇಲಂತಸ್ತಿನಲ್ಲಿ ಜಾಗವಿದೆ.

ಈ ಮಸೀದಿಯ ಬಂಗಾರ ಬಣ್ಣದ ಗುಂಬಝಿನ ಫೋಟೊ ಎಲ್ಲರೂ ತೆಗೀತಾರೆ. ಗುಂಬಝಿನ ಬುಡ ನೋಡುವವರು ಕಡಿಮೆ. ಅಲ್ಲಿ ಕಪ್ಪು ಪಟ್ಟಿಯಂತೆ ಕಾಣುವುದು ಗಾಜಿನ ಬಾಟಲಿಗಳ ತಳ. 1824ರಲ್ಲಿ ಕಟ್ಟಲಾರಂಭಿಸಿದ ಹಳೆಯ ಪಳ್ಳಿ ಸಾಲದಾಗಿ 1932ರಲ್ಲಿ ಈಗಿನ ಕಟ್ಟಡ ಪೂರ್ತಿಯಾಯಿತು. ಆಗ ದುಡ್ಡು ಕೊಡಲಾಗದ ಬಡವರು ಬಾಟಲಿ ಒಟ್ಟುಮಾಡಿ ತಂದುಕೊಟ್ಟರು. ಅವನ್ನು ನೆಲಮಾಳಿಗೆಗೆ ಹಾಕದೆ ಗುಂಬಝಿಗೇ ಇಟ್ಟರಲ್ಲ, ಆ ಕಮಿಟಿಯವರನ್ನು ಮೆಚ್ಚಬೇಕು.

ಮಸೀದಿಯ ಎದುರಿಗೆ ಬಸ್ಸೋರಾ ಬೀದಿ, ನಮ್ಮ ಬಾಯಲ್ಲಿ ಬಸ್ರಾ. ಸುತ್ತ ಅರಬ್ ಬೀದಿ, ಬಗ್ದಾದ್ ಬೀದಿ, ಮಸ್ಕತ್ ಬೀದಿ, ಹಾಜಿ ಲೇನ್. ಈಗ ಕಾಫಿ ಅಂಗಡಿ, ಅತ್ತರು, ಬಟ್ಟೆ. ಹಿಂದೆ ಇದು ಹಜ್ಜಾಜಿಗಳು ತಂಗುವ ಕೇರಿ. ಜಾವಾ, ಸುಮಾತ್ರಾ ದ್ವೀಪಗಳಿಂದ ಒಂದು ಹಡಗಿನಲ್ಲಿ ಬಂದು, ಇಲ್ಲಿನ ಮನೆಗಳಲ್ಲಿ ಉಳಿದು, ಜಿದ್ದಾಕ್ಕೆ ಇನ್ನೊಂದು ಹಡಗು ಹತ್ತುತ್ತಿದ್ದರು. ಟಿಕೆಟ್, ಚಾಪೆ, ಅಡುಗೆ ಸಾಮಾನು ಎಲ್ಲ ಒದಗಿಸುವ ದಲ್ಲಾಳಿಗಳಿದ್ದರು. ಕೈಯಲ್ಲಿದ್ದ ಹಣ ಇಲ್ಲೇ ಕರಗಿಹೋದವರು ಕೂಲಿ ಮಾಡಿ ಹಡಗಿನ ದುಡ್ಡು ಜೋಡಿಸಲು ನಿಂತರು. ಕೆಲವರಿಗೆ ಆ ಎರಡನೆಯ ಹಡಗು ಸಿಗಲೇ ಇಲ್ಲ. ಮೆಕ್ಕಾ ಕಾಣದೆ ಊರಿಗೆ ಮರಳಿದವರನ್ನು ಜನ 'ಹಾಜಿ ಸಿಂಗಾಪುರ' ಎಂದು ಕರೆದರು. ಕೇಳುವಾಗ ತಮಾಷೆ, ಆ ಮನುಷ್ಯನ ಜಾಗದಲ್ಲಿ ನಿಂತರೆ ಎದೆ ಹಿಂಡುತ್ತದೆ.

ಹಡಗು ಸಿಕ್ಕವರ ಕಥೆಯೂ ಸುಲಭದ್ದಲ್ಲ. 1880ರ ಜುಲೈಯಲ್ಲಿ 'ಜೆದ್ದಾ' ಎಂಬ ಹಡಗು ಸಿಂಗಾಪುರದಿಂದ ಹೊರಟು ಪೆನಾಂಗ್ ಮೂಲಕ ಸಾಗಿತು, ಒಳಗೆ 900ಕ್ಕೂ ಹೆಚ್ಚು ಯಾತ್ರಿಕರು. ಆಗಸ್ಟಿನಲ್ಲಿ ಬಿರುಗಾಳಿಗೆ ಸಿಕ್ಕಿ ನೀರು ನುಗ್ಗಿದಾಗ ಕ್ಯಾಪ್ಟನ್ ಮತ್ತು ಅಧಿಕಾರಿಗಳು ದೋಣಿ ಇಳಿಸಿ ತಾವು ಪಾರಾದರು. ಏಡನ್ ತಲುಪಿ, ಹಡಗು ಮುಳುಗಿತು, ಯಾತ್ರಿಕರೆಲ್ಲ ಹೋದರು ಎಂದು ಹೇಳಿದರು. ಅಷ್ಟರಲ್ಲಿ 'ಆಂಟೆನರ್' ಎಂಬ ಇನ್ನೊಂದು ಹಡಗು ಜೆದ್ದಾವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು, ಯಾತ್ರಿಕರು ಜೀವಂತ! ಜೋಸೆಫ್ ಕಾನ್ರಾಡ್ 'ಲಾರ್ಡ್ ಜಿಮ್' ಕಾದಂಬರಿ ಬರೆದದ್ದು ಇದೇ ಘಟನೆಯ ಎಳೆ ಹಿಡಿದು.

ಹಡಗಿಗೆ ಕಾಯುವ ಈ ಪಾಡು ನಮ್ಮ ಹಿರಿಯರಿಗೂ ಗೊತ್ತು. ಬೊಂಬಾಯಿಗೆ ಹೋಗಿ ಮುಸಾಫಿರ್‌ಖಾನೆಯಲ್ಲಿ ಕಾದು ಜಿದ್ದಾದ ಹಡಗು ಹತ್ತಿದ ಅಜ್ಜ, ಉಮ್ಮಮ್ಮಂದಿರ ಕಥೆ ಎಷ್ಟೋ ಮನೆಗಳಲ್ಲಿದೆ. ಬೊಂಬಾಯಿಯಿಂದ ಆ ಹಡಗು 1995ರಲ್ಲಿ ನಿಂತಿತು. ಅವರಲ್ಲಿ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಈಗಲೇ ಕೂರಿಸಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡಿ.

ನಡೆದು ಹಸಿದವರಿಗೆ ಮಸೀದಿ ಎದುರೇ ನಾರ್ತ್ ಬ್ರಿಡ್ಜ್ ರೋಡಿನಲ್ಲಿ 'ಝಂ ಝಂ' ಹೋಟೆಲ್ ಇದೆ, 1908ರಿಂದ. ಕೀಮಾ, ಮೊಟ್ಟೆ, ನೀರುಳ್ಳಿ ತುಂಬಿ ಮಡಚಿ ಕಾಯಿಸುವ ಮುರ್ತಬಾಕ್ ಅಲ್ಲಿಯ ಹೆಸರುವಾಸಿ ತಿಂಡಿ. ಒಂದು ತಟ್ಟೆ ಇಬ್ಬರಿಗೆ ಧಾರಾಳ. ಜೊತೆಗೆ ಎತ್ತಿ ಸುರಿದ ಚಹಾ, ತೆ ತಾರಿಕ್. ಮಗ್‌ರಿಬ್ ಏಳು ಗಂಟೆಯ ಹೊತ್ತಿಗೆ. ಅದನ್ನು ಮುಗಿಸಿ ಹೊರಟರೆ ಬೂಗಿಸ್ ಸ್ಟೇಶನ್ ನಡೆಯುವ ದೂರದಲ್ಲೇ ಇದೆ.