ಒಡೆದ ಹಿಮ್ಮಡಿಗೆ ಒಂದು ತಂಬಿಗೆ ನೀರು

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋದವರು ಕೋಟೆ ನೋಡಿ ಬರುತ್ತಾರೆ. ಮೊಹರಂ ಹೊತ್ತಿಗೆ ಹೋದವರಿಗೆ ಹಿಂದೂ ಮುಸ್ಲಿಮರೆನ್ನದೆ ಊರೇ ಕೂಡಿ ಮಾಡುವ ಹಬ್ಬವೂ ನೋಡಸಿಗುತ್ತದೆ. ಅದೇ ಊರಿನಲ್ಲಿ ಕನ್ನಡ ನಾಡಿನ ಬಲು ಹಳೆಯ ಕ್ರೈಸ್ತ ನೆಲೆಯೊಂದು ಇದೆ ಎಂಬುದು ನಮ್ಮ ರಾಯಚೂರು ಜಿಲ್ಲೆಯ ಎಷ್ಟೋ ಮಂದಿಗೇ ಗೊತ್ತಿಲ್ಲ. ವಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, 16ನೇ ಶತಮಾನದಲ್ಲಿ, ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಕಟ್ಟಿದ ಸಭೆ ಅದು. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ 1878ರ ತನ್ನ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಈ ಕ್ರೈಸ್ತರನ್ನು ತಂದಿದ್ದಾನೆ. ಈಗ ಈ ಸೀಮೆಯ ಕಥೋಲಿಕ ಚರ್ಚುಗಳು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ.

ಇತಿಹಾಸ ಇಷ್ಟು ಸಾಕು. ನಾನು ಪರಿಚಯಿಸಬೇಕೆಂದಿರುವುದು ಈ ಚರ್ಚುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದು ಆಚರಣೆಯನ್ನು. ಈಸ್ಟರಿಗೆ ಮೂರು ದಿನ ಮುಂಚಿನ ಪವಿತ್ರ ಗುರುವಾರ, ಗುರುಗಳು ಸಭೆಯವರ ಕಾಲು ತೊಳೆಯುತ್ತಾರೆ. ಸಾಯುವ ಹಿಂದಿನ ರಾತ್ರಿ ಏಸು ಶಿಷ್ಯರ ಕಾಲು ತೊಳೆದ ಕಥೆ ಯೋವಾನ್ನನ ಸುವಾರ್ತೆಯಲ್ಲಿದೆ, ಅದರ ನೆನಪಿಗೆ.

ನಮ್ಮ ಭಾಗದ ಸಣ್ಣದೊಂದು ಚರ್ಚಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಏಪ್ರಿಲ್ ಬಿಸಿಲು ಇಳಿದಿತ್ತು, ಸೆಕೆ ಇಳಿದಿರಲಿಲ್ಲ. ಬೆಂಚಿನ ಮೇಲೆ ಹನ್ನೆರಡು ಮಂದಿ. ಗುರುಗಳು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲು ಸುತ್ತಿ, ಮೊಣಕಾಲೂರಿದರು. ಒಬ್ಬ ಹುಡುಗ ತಂಬಿಗೆ ಹಿಡಿದಿದ್ದ, ಇನ್ನೊಬ್ಬ ಪರಾತ. ನಾಲ್ಕನೆಯವನು ಮುದುಕ. ಎರೆಮಣ್ಣು ಹಿಮ್ಮಡಿಯ ಬಿರುಕಿನಲ್ಲಿ ಕೂತು ಕರಿ ಗೀರುಗಳಾಗಿತ್ತು. ಮನೆಯಲ್ಲಿ ತಿಕ್ಕಿ ತೊಳೆದುಕೊಂಡು ಬಂದರೂ ಹೋಗದ ಮಣ್ಣು. ಗುರುಗಳ ಕೈ ತಾಗುತ್ತಲೇ ಅವನು ಕಾಲು ಹಿಂದಕ್ಕೆಳೆದುಕೊಂಡ. ಏಸುವಿನ ಶಿಷ್ಯ ಪೇತ್ರನೂ ಹಾಗೇ ಬೇಡವೆಂದಿದ್ದನಂತೆ. ಗುರುಗಳು ಏನೂ ಹೇಳದೆ ಕಾಯ್ದರು. ಮುದುಕ ಕಾಲು ಮುಂದೆ ಚಾಚಿದ. ತೊಳೆದು, ಬೆರಳ ಸಂದು ಬಿಡದೆ ಒರೆಸಿ, ಗುರುಗಳು ಆ ಪಾದಕ್ಕೆ ಮುತ್ತಿಟ್ಟರು.

ಯಾರ ಕಾಲು ಯಾರು ಮುಟ್ಟಬೇಕೆಂದು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿದ್ದ ಸೀಮೆ ಇದು. ದಲಿತರು ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ದಾಟಬೇಕಿದ್ದ ಓಣಿಗಳ ನೆನಪು ಹಿರಿಯರಿಗೆ ಇನ್ನೂ ಹಸಿಯಾಗಿದೆ. ಮೆಟ್ಟು ಹೊಲಿದುಕೊಟ್ಟವರೇ ಬರಿಗಾಲಲ್ಲಿ ನಡೆದರು. ಅದಕ್ಕೇ ಆ ಸಂಜೆ ನನಗೆ ಮೆಟ್ಟು ಹೊಲಿಯುತ್ತಿದ್ದ ಶರಣ ಹರಳಯ್ಯ ನೆನಪಾದ. ಬಸವಣ್ಣನ ಮರುವಂದನೆಯ ಭಾರ ತಾಳಲಾರದೆ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಅವನಿಗೆ ಪಾದರಕ್ಷೆ ಮಾಡಿದ ಕಥೆ ಇಲ್ಲಿ ಅಜ್ಜಿಯರ ಬಾಯಲ್ಲೇ ಇದೆ. ಪಾದದ ಬಳಿ ಬಾಗುವ ಅಂತಃಕರಣ ಈ ಮಣ್ಣಿಗೆ ಹೊಸದಲ್ಲ.

ಹಿಂದೆ ಈ ಕಾಲು ತೊಳೆಯುವ ಆಚರಣೆಯ ನಿಯಮದಲ್ಲಿ ಗಂಡಸರ ಕಾಲು ಎಂದೇ ಇತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿ ಹೆಂಗಸರಿಗೂ ಜಾಗ ಮಾಡಿದರು. ತಡವಾಯಿತೆಂದೇ ನನ್ನ ಅನಿಸಿಕೆ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ, ಸಿಂಧನೂರಿನ ಗದ್ದೆಗಳಲ್ಲಿ ಇಡೀ ದಿನ ಬಾಗಿ ಭತ್ತ ನಾಟಿ ಮಾಡುವವರು ಹೆಂಗಸರೇ. ನೀರಲ್ಲಿ ನೆನೆದು ಬೆರಳ ಸಂದು ಬೆಳ್ಳಗೆ ಕೊಳೆತಿರುವ ಅವರ ಕಾಲು ನೋಡಿದವರಿಗೆ ಈ ಬದಲಾವಣೆಯ ಬೆಲೆ ಗೊತ್ತಾಗುತ್ತದೆ.

ಗುರುವಾರ ತೊಳೆದ ಕಾಲಿಗೆ ಶುಕ್ರವಾರ ಯಾರು? ನಾನು ಇದನ್ನು ಕೇಳದೆ ಇರಲಾರೆ. ಇದಕ್ಕೆ ಉತ್ತರ ಬಲಿಪೀಠದ ಮುಂದೆ ಸಿಗುವುದಿಲ್ಲ, ಶಾಲೆ ಹಾಸ್ಟೆಲುಗಳಲ್ಲಿ ಸಿಗುತ್ತದೆ. ಪಕ್ಕದ ಮಾನ್ವಿ ತಾಲೂಕಿನ ಪನ್ನೂರಿನಲ್ಲಿ ನೆಲೆಯೂರಿದ ಜೆಸ್ವಿತ ಪಾದ್ರಿಗಳು ದಲಿತ ಮಕ್ಕಳನ್ನು ಮುಂದಿಟ್ಟುಕೊಂಡೇ ಲೊಯೋಲಾ ಶಾಲೆ ಕಾಲೇಜು ನಡೆಸುತ್ತಿದ್ದಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60 ಸಹ ಮುಟ್ಟಿರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳು ಬೆಂಗಳೂರಿಗೆ, ಪುಣೆಗೆ ಗುಳೆ ಹೊರಡುತ್ತವೆ. ಮಕ್ಕಳು ಜೊತೆಗೆ ಹೋದರೆ ಪಾಟಿಚೀಲ ಅಲ್ಲಿಗೆ ಮುಗಿಯಿತು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ಒಂದು ಹಾಸಿಗೆ, ಎರಡು ಹೊತ್ತಿನ ಊಟ, ರಾತ್ರಿ ಜ್ವರ ಬಂದರೆ ಎದ್ದು ಬರುವ ಒಬ್ಬರು ಬೇಕು.

ಅಂಥದೊಂದು ಹಾಸ್ಟೆಲಿಗೆ ಹೋದಾಗ ಸಂಜೆ ಆಟ ಮುಗಿದಿತ್ತು. ವರಾಂಡದ ಬಲ್ಬಿನ ಕೆಳಗೆ ವಯಸ್ಸಾದ ಸಿಸ್ಟರ್ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಅವರ ಬಿಳಿ ಸೀರೆಯ ಮಡಿಲಲ್ಲಿ ಒಂದು ಮಣ್ಣುಗಾಲು. ಜಾಲಿಮುಳ್ಳು ಒಳಗೇ ಮುರಿದಿತ್ತು. ಪಿನ್ನಿನ ತುದಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ ಮೆಲ್ಲಗೆ ಚರ್ಮ ಬಿಡಿಸುತ್ತಿದ್ದರು. ಹುಡುಗಿ ಕಣ್ಣು ಮುಚ್ಚಿ ಮಗ್ಗಿ ಹೇಳುತ್ತಿದ್ದಳು, ನೋವು ಮರೆಯಲೆಂದು ಅವರೇ ಹೇಳಿಸುತ್ತಿದ್ದದ್ದು. ಅವಳ ಹಿಂದೆ, ತಮ್ಮ ತಮ್ಮ ಮುಳ್ಳು ತೋರಿಸಲು ಇನ್ನೂ ಮೂವರು ಒಂಟಿಗಾಲಲ್ಲಿ ನಿಂತಿದ್ದರು.