ಉಬ್ಬಸದವರ ಉಸಿರಿನ ಲೆಕ್ಕ

ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳಿವೆ. ಕುಮಾರವ್ಯಾಸನನ್ನು ಪಾಠ ಹೇಳುವಾಗ ಮೊದಲ ಮೂರು ಪಾದಗಳನ್ನು ಒಂದೇ ಉಸಿರಿನಲ್ಲಿ ಓದಿ, ಕೊನೆಯ ಗುರುವಿನ ಮೇಲೆ ತುಸು ತಂಗಿ, ಉಳಿದ ಮೂರನ್ನು ಇನ್ನೊಂದು ಉಸಿರಿಗೆ ಮುಗಿಸುವುದು ನನ್ನ ವಾಡಿಕೆ. ಕಳೆದ ಮಾಗಿಯ ಒಂದು ಬೆಳಗ್ಗೆ ಎರಡನೆಯ ಪಾದಕ್ಕೇ ಉಸಿರು ಸಾಲದೆ ನಿಂತುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಛಂದಸ್ಸಿನ ಮಾತ್ರೆಗಳನ್ನು ಎಣಿಸುವವನಿಗೆ ವೈದ್ಯರ ಮಾತ್ರೆಗಳನ್ನು ಎಣಿಸುವ ಕಾಲ ಬಂದಿತ್ತು.

ತಪ್ಪು ನನ್ನದೇ. ಬಾಲ್ಯದಿಂದಲೂ ನನ್ನೊಡನೆ ಬೆಳೆದ ವ್ಯಾಧಿ ಇದು. ಎರಡು ತಿಂಗಳು ನಿಷ್ಠೆಯಿಂದ ಪ್ರಾಣಾಯಾಮ ಮಾಡಿದೆ, ಎದೆ ಹಗುರವಾಯಿತು. ಇನ್ನೇಕೆ ಔಷಧವೆಂದು ನಿತ್ಯ ಸೇದುತ್ತಿದ್ದ ಇನ್‌ಹೇಲರನ್ನು ಬೀರುವಿನಲ್ಲಿಟ್ಟೆ. “ಡಾಕ್ಟರನ್ನು ಒಂದು ಮಾತು ಕೇಳೋ,” ಎಂದು ಅಮ್ಮ ಹೇಳಿದರು. ನಾನು ಕೇಳಲಿಲ್ಲ. ತರಗತಿಯಲ್ಲಿ ಹಾಗಾದ ರಾತ್ರಿಯೇ ದಿಂಬುಗಳಿಗೆ ಒರಗಿ ಕುಳಿತು ಬೆಳಗು ಮಾಡಿದೆ. ಅಮ್ಮ ಬೆನ್ನು ನೀವುತ್ತ ಪಕ್ಕದಲ್ಲೇ ಇದ್ದರು.

ಉಬ್ಬಸದವರ ಶ್ವಾಸಕೋಶ ಚಿಕ್ಕದೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ತಿದಿ ಚಿಕ್ಕದಲ್ಲ, ಅದರ ಮೂತಿ ಕಿರಿದಾಗಿದೆ. ಶ್ವಾಸನಾಳಗಳ ಒಳಪೊರೆ ಬಾತು, ಸುತ್ತಲಿನ ಸ್ನಾಯು ಬಿಗಿದು, ಲೋಳೆ ಕಟ್ಟಿಕೊಂಡಾಗ ಒಳಗೆ ಹೋದ ಗಾಳಿ ಸುಲಭವಾಗಿ ಹೊರಬಾರದು. ರೋಗಿ ‘ಉಸಿರೆಳೆಯಲಾಗುತ್ತಿಲ್ಲ’ ಎನ್ನುತ್ತಾನೆ. ನಿಜಕ್ಕೂ ಆಗದಿರುವುದು ಹೊರಬಿಡುವುದು. ಸೇದುವ ಸ್ಟೀರಾಯ್ಡ್ ಔಷಧ ಆ ಬಾವನ್ನು ಇಳಿಸುತ್ತದೆ. ವ್ಯಾಯಾಮಕ್ಕೆ ಆ ಶಕ್ತಿಯಿಲ್ಲ.

ಹಾಗಾದರೆ ವ್ಯಾಯಾಮ ವ್ಯರ್ಥವೇ? ಅಲ್ಲ. 1985ರಲ್ಲಿ ನಮ್ಮ ಬೆಂಗಳೂರಿನ ನಾಗರತ್ನ, ನಾಗೇಂದ್ರ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 53 ಮಂದಿ ರೋಗಿಗಳಿಗೆ ಎರಡು ವಾರ ಯೋಗಾಭ್ಯಾಸ ಕಲಿಸಿ, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಲು ಹೇಳಿ, ಅಷ್ಟೇ ಮಂದಿ ಇತರ ರೋಗಿಗಳೊಡನೆ ಹೋಲಿಸಿದರು. ಯೋಗ ಮಾಡಿದವರಲ್ಲಿ ಉಬ್ಬಸದ ಸರದಿಗಳು ಕಡಮೆಯಾದವು, ಔಷಧದ ಅಗತ್ಯವೂ ತಗ್ಗಿತು.

ಸಾಧನಗಳ ಕಥೆ ಇನ್ನೂ ಸ್ವಾರಸ್ಯದ್ದು. ಜಯಪುರದ ‘ಗುಲಾಬಿ ನಗರ’ವೆಂಬ ಬಿರುದನ್ನೇ ಹೊತ್ತ ‘ಪಿಂಕ್ ಸಿಟಿ’ ಎಂಬ ಉಸಿರಾಟದ ಉಪಕರಣವಿದೆ. ಅದನ್ನು ಬಾಯಿಗಿಟ್ಟುಕೊಂಡರೆ ಉಸಿರು ತಾನಾಗಿ ನಿಧಾನಿಸಿ, ಎಳೆಯುವುದಕ್ಕಿಂತ ಬಿಡುವುದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ಪ್ರಾಣಾಯಾಮದ ಲೆಕ್ಕವನ್ನು ಯಂತ್ರಕ್ಕೆ ಕಲಿಸಿದಂತೆ. 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ಸೌಮ್ಯ ಉಬ್ಬಸವಿದ್ದ 18 ಮಂದಿಯಲ್ಲಿ ಇದರ ಬಳಕೆಯಿಂದ ಶ್ವಾಸನಾಳಗಳು ಕೆರಳುವುದು ಕೊಂಚ ತಗ್ಗಿತು. ಆದರೆ 2003ರಲ್ಲಿ 90 ರೋಗಿಗಳ ಮೇಲೆ ಆರು ತಿಂಗಳು ನಡೆದ ಪರೀಕ್ಷೆಯಲ್ಲಿ ಅದೇ ಉಪಕರಣದಿಂದ ಪ್ರಯೋಜನ ಕಾಣಲಿಲ್ಲ. ಜೊತೆಗೆ ಪರೀಕ್ಷಿಸಿದ ರಷ್ಯದ ಬುಟೇಕೋ ಪದ್ಧತಿಯಲ್ಲಿ, ಅಂದರೆ ಮೂಗಿನಿಂದ ಕಡಮೆ ಕಡಮೆಯಾಗಿ ಉಸಿರಾಡುವ ಕ್ರಮದಲ್ಲಿ, ರೋಗಿಗಳಿಗೆ ನೆಮ್ಮದಿ ದೊರೆತು ತಕ್ಷಣದ ಉಪಶಮನದ ಔಷಧ ಕಡಮೆ ಬೇಕಾಯಿತು. ಶ್ವಾಸನಾಳಗಳ ಕೆರಳುವ ಸ್ವಭಾವ ಮಾತ್ರ ಬದಲಾಗಲಿಲ್ಲ. ಹೊರಗೆ ಸುಖ, ಒಳಗೆ ರೋಗ ಯಥಾಸ್ಥಿತಿ. ನಾನು ಮೋಸಹೋದದ್ದೂ ಇಲ್ಲಿಯೇ.

ಅಂಗಡಿಗಳಲ್ಲಿ ಸಿಗುವ ಮೂರು ಚೆಂಡುಗಳ ಉಪಕರಣ ನಿಮಗೂ ಗೊತ್ತಿರಬಹುದು. ಶಸ್ತ್ರಚಿಕಿತ್ಸೆಯಾದವರು ಆಳವಾಗಿ ಉಸಿರೆಳೆಯಲೆಂದು ಅದನ್ನು ಕೊಡುತ್ತಾರೆ. ಅದು ಕಲಿಸುವುದು ಎಳೆಯುವುದನ್ನು. ನಮ್ಮ ತೊಡಕು ಬಿಡುವುದರಲ್ಲಿದೆ. (ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬಂದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರಿಗೆ ಹೋಲಿಸಿದರೆ ಚೆಂಡು ಎತ್ತುವವರೇ ಜಾಣರು!)

ನನ್ನ ಕಣ್ಣು ತೆರೆಸಿದ್ದು ಬೇರೊಂದು ಸಾಧನ, ಪೀಕ್ ಫ್ಲೋ ಮೀಟರ್. ಇಂಗ್ಲೆಂಡಿನ ಮಾರ್ಟಿನ್ ರೈಟ್ 1950ರ ದಶಕದಲ್ಲಿ ರೂಪಿಸಿದ ಯಂತ್ರದ ಸಂತತಿ ಇದು. ಇದು ಶ್ವಾಸಕೋಶಕ್ಕೆ ಬಲ ಕೊಡುವುದಿಲ್ಲ, ಸುಳ್ಳು ಹೇಳುವುದೂ ಇಲ್ಲ. ನಿಂತು, ಎದೆತುಂಬ ಉಸಿರೆಳೆದು, ತುಟಿ ಬಿಗಿದು, ಒಮ್ಮೆಲೇ ರಭಸದಿಂದ ಊದಬೇಕು. ಮೂರು ಸಲ ಊದಿ ಹೆಚ್ಚಿನದನ್ನು ಬರೆದಿಡಬೇಕು. ನನ್ನ ಅತ್ಯುತ್ತಮ ಅಂಕ ನಿಮಿಷಕ್ಕೆ 480 ಲೀಟರು. ಆ ರಾತ್ರಿ ಕಳೆದ ಬೆಳಗ್ಗೆ ವೈದ್ಯರ ಮುಂದೆ ಊದಿದಾಗ ಮುಳ್ಳು 260ರಲ್ಲಿ ನಿಂತಿತು. ಸ್ವಂತ ಅತ್ಯುತ್ತಮದ ಶೇಕಡ 80ಕ್ಕಿಂತ ಇಳಿದರೆ ಎಚ್ಚರ ಬೇಕು. 50ಕ್ಕಿಂತ ಇಳಿದರೆ ಒಡನೆಯೇ ಆಸ್ಪತ್ರೆ. ನಾನು ಆ ಗೆರೆಯ ಅಂಚಿನಲ್ಲಿದ್ದೆ.

ವೈದ್ಯರು ಬೈಯಲಿಲ್ಲ. ಇನ್‌ಹೇಲರನ್ನು ಮತ್ತೆ ಕೈಗಿತ್ತು, ಪ್ರಾಣಾಯಾಮವನ್ನೂ ಬಿಡಬೇಡಿ ಎಂದರು. ಈಗ ಬೆಳಗ್ಗೆ ಔಷಧ ಸೇದಿ, ಬಾಯಿ ಮುಕ್ಕಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಕೂಡುತ್ತೇನೆ. ಮೂಗಿನಿಂದ ಎಳೆಯುವಾಗ ಎರಡು ಎಣಿಕೆ. ತುಟಿಗಳನ್ನು ಬಿಸಿ ಹಾಲು ಆರಿಸುವಂತೆ ಕೂಡಿಸಿ ಬಿಡುವಾಗ ನಾಲ್ಕು. ಭಸ್ತ್ರಿಕೆಯಂತಹ ರಭಸದ ಉಸಿರಾಟ, ದೀರ್ಘ ಕುಂಭಕ ಇವುಗಳ ಗೊಡವೆಗೆ ಹೋಗುವುದಿಲ್ಲ. ಕೆರಳಿದ ನಾಳಗಳಿಗೆ ಅವು ಹಿತವಲ್ಲ. ಉಬ್ಬಸ ಏರಿದ ಹೊತ್ತಿನಲ್ಲಂತೂ ಯಾವ ಅಭ್ಯಾಸವೂ ಔಷಧಕ್ಕೆ ಬದಲಲ್ಲ.

ಮೀಟರಿನ ಅಂಕಗಳನ್ನು ಬರೆಯಲು ಅಮ್ಮ ಹಾಲಿನ ಲೆಕ್ಕದ ಪುಸ್ತಕವನ್ನೇ ಕೊಟ್ಟಿದ್ದಾರೆ. ನಿನ್ನೆಯ ಪುಟದಲ್ಲಿ ಒಂದು ಲೀಟರು ಹಾಲಿನ ಕೆಳಗೆ 460 ಎಂದಿದೆ.